ಕ್ಲೇರ್ ವ್ಯಾಲಿ ರೀಸ್ಲಿಂಗ್: ಬಾಟಲಿ ಆರಿಸುವುದರಿಂದ ಊಟದ ತಟ್ಟೆಯವರೆಗೆ

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. "ಆಫೀಸಿನವರು ಊಟಕ್ಕೆ ಕರೆದಿದ್ದಾರೆ, ಮೀನು ಮಾಡ್ತಾರಂತೆ, ಯಾವ ವೈನ್ ತಗೊಂಡು ಹೋಗಲಿ?" "ರೀಸ್ಲಿಂಗ್ ಅಂದ್ರೆ ಸಿಹಿ ಅಲ್ವಾ?" "ನಮ್ಮ ಅಡುಗೆಗೆ ವೈನ್ ಹೊಂದುತ್ತಾ?" "ವೈನ್‌ಗೆ ಮೊಟ್ಟೆ ಹಾಕ್ತಾರಂತೆ, ನಿಜಾನಾ?" ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ವೈನ್ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಡುತ್ತೇನೆ. ಅದು ಕ್ಲೇರ್ ವ್ಯಾಲಿಯ ರೀಸ್ಲಿಂಗ್, ಅಂದರೆ ರೀಸ್ಲಿಂಗ್ ಎಂಬ ದ್ರಾಕ್ಷಿಯಿಂದ ಮಾಡುವ ಬಿಳಿ ವೈನ್.

ಕ್ಲೇರ್ ವ್ಯಾಲಿ ಇರುವುದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ. ಅಡಿಲೇಡ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹಗಲು ಬಿಸಿಲು ಜೋರು. ಆದರೆ ತೋಟಗಳು ಹೆಚ್ಚಾಗಿ ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸಿನಲ್ಲಿರುವುದರಿಂದ ರಾತ್ರಿ ಚಳಿ ಹಿಡಿಯುತ್ತದೆ. ಬಿಸಿಲಿಗೆ ದ್ರಾಕ್ಷಿ ಮಾಗುತ್ತದೆ, ಚಳಿಗೆ ಅದರ ಹುಳಿ ಉಳಿಯುತ್ತದೆ. ಆ ಹುಳಿಯೇ ಈ ವೈನ್‌ನ ಬಂಡವಾಳ. 1851ರಲ್ಲಿ ಜೆಸ್ಯೂಟ್ ಪಾದ್ರಿಗಳು ಇಲ್ಲಿನ ಸೆವೆನ್‌ಹಿಲ್‌ನಲ್ಲಿ ನೆಲೆ ನಿಂತು, ಚರ್ಚಿನ ಪೂಜೆಗೆ ಬೇಕಾದ ವೈನ್‌ಗೆಂದು ಬಳ್ಳಿ ನೆಟ್ಟರು. ಆ ಜಾಗದಲ್ಲಿ ಇವತ್ತಿಗೂ ವೈನ್ ಆಗುತ್ತಿದೆ.

ಮಾಡುವ ವಿಧಾನ ಸರಳ. ದ್ರಾಕ್ಷಿ ಹಿಂಡಿ ರಸ ತೆಗೆದು, ಸ್ಟೀಲ್ ತೊಟ್ಟಿಯಲ್ಲಿ ತಣ್ಣಗೆ ಹುದುಗಿಸಿ, ಬೇಗ ಬಾಟಲಿಗೆ ತುಂಬುತ್ತಾರೆ. ಮರದ ಪೀಪಾಯಿಯ ವಾಸನೆ ಇಲ್ಲ, ಬೆಣ್ಣೆಯಂಥ ರುಚಿ ಇಲ್ಲ. ಬಾಯಿಗೆ ಬರುವುದು ಹಣ್ಣು ಮತ್ತು ಹುಳಿ, ಅಷ್ಟೇ.

ಮುಂದಿನದೆಲ್ಲ ಒಂದೇ ಸೂತ್ರದ ಮೇಲೆ ನಿಂತಿದೆ: ಯಾವ ತಿಂಡಿಯ ಮೇಲೆ ನಿಂಬೆಹಣ್ಣು ಹಿಂಡಿದರೆ ರುಚಿ ಹೆಚ್ಚುತ್ತದೋ, ಆ ತಿಂಡಿಗೆ ಈ ವೈನ್ ಹೊಂದುತ್ತದೆ. ನಿಂಬೆ ಹಿಂಡಿದರೆ ಕೆಡುವ ಅಡುಗೆಗೆ ಹೊಂದುವುದಿಲ್ಲ. ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಆದಂತೆ.

ಏನೇನು ಬೇಕು

ಒಂದು ಬಾಟಲಿ, ಒಂದು ಫ್ರಿಜ್, ಮೇಲೆ ಬಾಯಿ ಕಿರಿದಾಗುವ ಸಾಧಾರಣ ವೈನ್ ಗ್ಲಾಸುಗಳು. ರುಚಿ ಪರೀಕ್ಷೆಗೆ ಒಂದು ಸೌತೆಕಾಯಿ, ಉಪ್ಪು, ಚಿಟಿಕೆ ಬೆಲ್ಲ. ಕಾರ್ಕ್ ತೆಗೆಯುವ ಉಪಕರಣ ಬೇಡ. ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ. ಕುಡಿಯುವವರಿಗೆ 18 ತುಂಬಿರಬೇಕು. ವಾಪಸ್ ಕಾರು ಓಡಿಸುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರಬೇಕು.

ಹಂತ 1: ಲೇಬಲ್ ಓದಿ

ಬಾಟಲ್ ಶಾಪಿಗೆ ಹೋದರೆ ಕಪಾಟಿನ ತುಂಬಾ ಹಸಿರು ಬಾಟಲಿಗಳು ಕಂಡು ಗಾಬರಿಯಾಗುವುದು ಸಹಜ. ಲೇಬಲ್ ಮೇಲೆ ಈ ಕೆಲವು ವಿಷಯ ಮಾತ್ರ ನೋಡಿ.

ಮೊದಲು ಊರು ಮತ್ತು ದ್ರಾಕ್ಷಿ. "ಕ್ಲೇರ್ ವ್ಯಾಲಿ", "ರೀಸ್ಲಿಂಗ್" ಎರಡೂ ಇರಬೇಕು. ಆಸ್ಟ್ರೇಲಿಯಾದ ಕಾನೂನಿನ ಪ್ರಕಾರ ಲೇಬಲ್ ಮೇಲೆ ಒಂದು ಊರಿನ ಹೆಸರು ಹಾಕಿದರೆ ಕನಿಷ್ಠ ಶೇ 85 ಭಾಗ ವೈನ್ ಆ ಊರಿನ ದ್ರಾಕ್ಷಿಯದ್ದಾಗಿರಬೇಕು. ದ್ರಾಕ್ಷಿಯ ತಳಿಗೂ, ಕೊಯ್ಲಿನ ವರ್ಷಕ್ಕೂ ಅದೇ ಲೆಕ್ಕ. ಬರೀ "ದಕ್ಷಿಣ ಪೂರ್ವ ಆಸ್ಟ್ರೇಲಿಯಾ" ಅಂತ ಇದ್ದರೆ ದ್ರಾಕ್ಷಿ ಎಲ್ಲಿಂದಲಾದರೂ ಬಂದಿರಬಹುದು. ಆ ಹೆಸರಿನ ವ್ಯಾಪ್ತಿ ಅಷ್ಟು ದೊಡ್ಡದು.

ಕೆಲವು ಬಾಟಲಿಗಳ ಮೇಲೆ ಇನ್ನೂ ಚಿಕ್ಕ ಜಾಗದ ಹೆಸರಿರುತ್ತದೆ. ಎರಡು ಹೆಸರು ಗೊತ್ತಿದ್ದರೆ ಸಾಕು. ವಾಟರ್‌ವೇಲ್‌ನಲ್ಲಿ ಕೆಂಪು ಮಣ್ಣು, ಅದರ ಕೆಳಗೆ ಸುಣ್ಣದ ಕಲ್ಲು. ಅಲ್ಲಿನ ವೈನ್ ಘಮಘಮ ಅನ್ನುತ್ತದೆ, ಮೊದಲ ಗುಟುಕಿಗೇ ಸ್ನೇಹ ಬೆಳೆಸುತ್ತದೆ. ಅದರ ಪೂರ್ವಕ್ಕಿರುವ ಪೋಲಿಷ್ ಹಿಲ್ ರಿವರ್‌ನಲ್ಲಿ ಪದರು ಪದರಾದ ಸ್ಲೇಟ್ ಕಲ್ಲಿನ ನೆಲ. ಅಲ್ಲಿನದು ಬಿಗಿ, ಹುಳಿ ಚೂಪು, ಬಾಯಿ ಬಿಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಮೊದಲ ಸಲ ಕೊಳ್ಳುವವರಿಗೆ ವಾಟರ್‌ವೇಲ್ ಕಡೆಯದೇ ಒಳ್ಳೆಯದು. ಪೋಲಿಷ್ ಹಿಲ್ ದೊಡ್ಡ ಹೆಸರು ಅಂತ ದುಡ್ಡು ಸುರಿದು ತಂದು, ಅದೇ ವಾರ ಕುಡಿದು, "ಇದೇನು ಇಷ್ಟು ಹುಳಿ" ಅಂದವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಸಿಹಿಯ ವಿಷಯ. ಕ್ಲೇರ್ ರೀಸ್ಲಿಂಗ್ ಬಹುಪಾಲು ಡ್ರೈ. ಡ್ರೈ ಅಂದರೆ ದ್ರಾಕ್ಷಿಯ ಸಕ್ಕರೆ ಹೆಚ್ಚು ಕಡಿಮೆ ಪೂರ್ತಿ ಆಲ್ಕೋಹಾಲ್ ಆಗಿ ಹೋಗಿದೆ, ನಾಲಿಗೆಗೆ ಸಿಹಿ ಸಿಗುವುದಿಲ್ಲ ಅಂತ ಅರ್ಥ. ಸ್ವಲ್ಪ ಸಕ್ಕರೆ ಉಳಿಸಿ ಮಾಡಿದ್ದಕ್ಕೆ ಆಫ್-ಡ್ರೈ ಎನ್ನುತ್ತಾರೆ. ಹಲವು ಬಾಟಲಿಗಳ ಹಿಂಭಾಗದಲ್ಲಿ ಡ್ರೈನಿಂದ ಸ್ವೀಟ್‌ವರೆಗೆ ಒಂದು ಗೆರೆ ಎಳೆದು ಅದರ ಮೇಲೆ ಬಾಣ ಇಟ್ಟಿರುತ್ತಾರೆ. ಅದಿಲ್ಲದಿದ್ದರೆ ಆಲ್ಕೋಹಾಲ್ ಪ್ರಮಾಣ ನೋಡಿ. ಶೇ 11.5ರಿಂದ 12.5 ಇದ್ದರೆ ಸಾಮಾನ್ಯವಾಗಿ ಡ್ರೈ. ಶೇ 8, 9 ಅಂತಿದ್ದರೆ ಹುದುಗುವುದನ್ನು ಮಧ್ಯದಲ್ಲೇ ನಿಲ್ಲಿಸಿದ್ದಾರೆ, ಸಕ್ಕರೆ ಉಳಿದಿದೆ ಅಂತ ತಿಳಿಯಬಹುದು.

"ರೀಸ್ಲಿಂಗ್ ಅಂದ್ರೆ ಸಿಹಿ" ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಆಸ್ಟ್ರೇಲಿಯಾದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಅಗ್ಗದ ಸಿಹಿ ಬಿಳಿ ವೈನ್‌ಗೂ ಇದೇ ಹೆಸರು ಹಾಕಿ ಮಾರುತ್ತಿದ್ದರು. ಜರ್ಮನಿಯ ಎಷ್ಟೋ ರೀಸ್ಲಿಂಗ್‌ಗಳು ನಿಜಕ್ಕೂ ಸಿಹಿಯೇ. ಕ್ಲೇರ್‌ನದು ಹಾಗಲ್ಲ.

ಈಗ ಮೊಟ್ಟೆಯ ಪ್ರಶ್ನೆ. ನಿಜ, ವೈನ್ ತಿಳಿಯಾಗಲೆಂದು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್ ಅಥವಾ ಮೀನಿನಿಂದ ತೆಗೆದ ಒಂದು ಅಂಟು ಬಳಸುತ್ತಾರೆ. ಆಮೇಲೆ ಅದನ್ನು ಸೋಸಿ ತೆಗೆಯುತ್ತಾರೆ. ಮೊಟ್ಟೆ, ಹಾಲು ಬಳಸಿದ್ದರೆ ಅಲರ್ಜಿಯವರಿಗಾಗಿ ಲೇಬಲ್‌ನಲ್ಲಿ ಬರೆದಿರುವುದುಂಟು. ಆದರೆ ಮೀನಿನ ಅಂಟಿಗೆ ಆಸ್ಟ್ರೇಲಿಯಾದ ಆಹಾರ ನಿಯಮದಲ್ಲಿ ವಿನಾಯಿತಿ ಇದೆ, ಬರೆಯಲೇಬೇಕು ಅಂತಿಲ್ಲ. ಹಾಗಾಗಿ ಸಸ್ಯಾಹಾರಿಗಳು "ಮೊಟ್ಟೆ ಇಲ್ಲ, ಹಾಲು ಇಲ್ಲ" ಅಂತ ನೋಡಿ ಸಮಾಧಾನಪಟ್ಟರೆ ಸಾಲದು. "ವೀಗನ್" ಅಂತ ಸ್ಪಷ್ಟವಾಗಿ ಬರೆದಿರುವ ಬಾಟಲಿಯನ್ನೇ ತಗೊಳ್ಳಿ. ಅಂಥವು ಈಗ ಸುಲಭವಾಗಿ ಸಿಗುತ್ತವೆ. "ಪ್ರಿಸರ್ವೇಟಿವ್ 220" ಅಂತ ಕಂಡರೆ ಅದು ಸಲ್ಫರ್ ಡೈಆಕ್ಸೈಡ್, ವೈನ್ ಕೆಡದಂತೆ ಹಾಕುವುದು. ಅಸ್ತಮಾ ಇರುವ ಕೆಲವರಿಗೆ ಆಗಿಬರುವುದಿಲ್ಲ.

ವೈನರಿಗಳ ಹೆಸರು ಬೇಕೆಂದರೆ ಪೈಕ್ಸ್, ಜಿಮ್ ಬ್ಯಾರಿ, ಮಿಚೆಲ್, ಕಿಲಿಕನೂನ್, ಸೆವೆನ್‌ಹಿಲ್. ಇವುಗಳಲ್ಲಿ ಯಾವುದಾದರೂ ಸರಿ. 20ರಿಂದ 30 ಡಾಲರ್ ಒಳಗೆ ಯಾರ ಮನೆಗೂ ಧೈರ್ಯವಾಗಿ ಒಯ್ಯಬಹುದಾದ ಬಾಟಲಿ ಸಿಗುತ್ತದೆ. ಗ್ರಾಸೆಟ್ ಕಂಪನಿಯ ಪೋಲಿಷ್ ಹಿಲ್ ಇದಕ್ಕಿಂತ ಎಷ್ಟೋ ದುಬಾರಿ. ಅದನ್ನು ಹತ್ತು ವರ್ಷ ಕಾಯುವ ತಾಳ್ಮೆ ಇರುವವರು ಕೊಳ್ಳಲಿ. ಕ್ಲೇರ್‌ನದು ಸಿಗದಿದ್ದರೆ ಪಕ್ಕದ ಈಡನ್ ವ್ಯಾಲಿಯದು ತಗೊಳ್ಳಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದರೆ ಗ್ರೇಟ್ ಸದರ್ನ್ ಪ್ರದೇಶದ್ದು. ಈ ಲೇಖನದ ಮಾತೆಲ್ಲ ಅವಕ್ಕೂ ಹೊಂದುತ್ತದೆ.

ಹಂತ 2: ಹೊಸದೋ ಹಳೆಯದೋ ನಿರ್ಧರಿಸಿ

ಒಂದೇ ವೈನ್ ವಯಸ್ಸಾದಂತೆ ಬೇರೆಯದೇ ಆಗುತ್ತದೆ. ಇದು ಗೊತ್ತಿಲ್ಲದೆ ಊಟಕ್ಕೆ ಜೋಡಿಸಲು ಹೋದರೆ ತಪ್ಪುತ್ತದೆ.

ಕ್ಲೇರ್‌ನಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಅದೇ ವರ್ಷದ ಕೊನೆಯ ಹೊತ್ತಿಗೆ ವೈನ್ ಅಂಗಡಿಯಲ್ಲಿರುತ್ತದೆ. ಒಂದೆರಡು ವರ್ಷದೊಳಗಿನ ವೈನ್ ನೀರಿನಷ್ಟೇ ತಿಳಿ, ಅಂಚಿನಲ್ಲಿ ತುಸು ಹಸಿರು. ನಿಂಬೆ ಸಿಪ್ಪೆ, ಹಸಿರು ಸೇಬು, ಬಿಳಿ ಹೂವಿನ ವಾಸನೆ. ಐದರಿಂದ ಹತ್ತು ವರ್ಷ ಕಳೆದರೆ ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ, ಸುಟ್ಟ ಬ್ರೆಡ್, ಜೇನು, ನಿಂಬೆ ಮಾರ್ಮಲೇಡ್ ಬರುತ್ತದೆ. ಜೊತೆಗೆ, ಹೆದರಬೇಡಿ, ಸೀಮೆಎಣ್ಣೆಯ ವಾಸನೆಯೂ ಬರುತ್ತದೆ.

ಈ ಸೀಮೆಎಣ್ಣೆ ವಾಸನೆ ಕೆಟ್ಟುಹೋದ ಲಕ್ಷಣ ಅಲ್ಲ. ಬಿಸಿಲಿಗೆ ಮೈಯೊಡ್ಡಿದ ದ್ರಾಕ್ಷಿಯ ಸಿಪ್ಪೆಯಲ್ಲಿರುವ ಬಣ್ಣದ ಅಂಶಗಳಿಂದ ಟಿಡಿಎನ್ ಎಂಬ ವಸ್ತು ನಿಧಾನವಾಗಿ ಹುಟ್ಟುತ್ತದೆ. ಬಾಟಲಿಯಲ್ಲಿ ಇಟ್ಟಷ್ಟೂ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಬಿಸಿಲಿಗೆ ಇದು ಸ್ವಲ್ಪ ಜಾಸ್ತಿಯೇ. ಕೆಲವರು ಇದಕ್ಕಾಗಿಯೇ ಹಳೆಯ ಬಾಟಲಿ ಹುಡುಕುತ್ತಾರೆ. ನನಗೆ ಹದವಾಗಿದ್ದರೆ ಇಷ್ಟ, ಪಂಪ್ ಸ್ಟವ್ ಹಚ್ಚಿದ ಹಾಗೆ ಬಂದರೆ ಬೇಡ. ಮೊದಲ ಸಲದವರು ಹೊಸದನ್ನೇ ಆರಿಸಿ. ಮೀನು, ಸಿಗಡಿ, ಕರಿದ ತಿಂಡಿ, ಕೋಸಂಬರಿಗೆಲ್ಲ ಹೊಸದೇ ಸರಿ.

ಇನ್ನು ಮುಚ್ಚಳ. ತಿರುಗಿಸಿ ತೆಗೆಯುವ ಮುಚ್ಚಳ ಕಂಡರೆ "ಅಗ್ಗದ ಮಾಲು" ಅಂತ ನಮ್ಮಲ್ಲಿ ಇನ್ನೂ ಅಂದುಕೊಳ್ಳುತ್ತಾರೆ. ಇಲ್ಲಿ ತದ್ವಿರುದ್ಧ. ಕಾರ್ಕಿನಿಂದ ಕೆಲವೊಮ್ಮೆ ವೈನ್‌ಗೆ ಒದ್ದೆ ರಟ್ಟಿನ, ಬೂಷ್ಟಿನ ವಾಸನೆ ಹತ್ತುತ್ತದೆ. ಮರದ ವಾಸನೆಯ ಮರೆಯೇ ಇಲ್ಲದ ರೀಸ್ಲಿಂಗ್‌ನಲ್ಲಿ ಅದು ಎದ್ದು ಕಾಣುತ್ತದೆ. ರೋಸಿಹೋದ ಕ್ಲೇರ್‌ನ ಒಂದಷ್ಟು ವೈನ್ ತಯಾರಕರು ಒಟ್ಟಾಗಿ 2000ನೇ ಇಸವಿಯ ರೀಸ್ಲಿಂಗ್ ಅನ್ನು ಸ್ಕ್ರೂ ಕ್ಯಾಪ್ ಹಾಕಿ ಬಿಟ್ಟರು. 1970ರ ದಶಕದಲ್ಲಿ ಯಲಂಬಾ ಕಂಪನಿ ಇದೇ ಪ್ರಯತ್ನ ಮಾಡಿದಾಗ ಜನ ಒಪ್ಪಿರಲಿಲ್ಲ. ಈ ಸಲ ಒಪ್ಪಿದರು. ಈಗ ಆಸ್ಟ್ರೇಲಿಯಾದ ಬಿಳಿ ವೈನ್ ಹೆಚ್ಚುಕಡಿಮೆ ಎಲ್ಲವೂ ಸ್ಕ್ರೂ ಕ್ಯಾಪ್‌ನಲ್ಲೇ ಬರುತ್ತದೆ. ಹಾಗಾಗಿ ಉಡುಗೊರೆಯಾಗಿ ಕೊಡಲು ಮುಜುಗರ ಬೇಡ.

ಹಂತ 3: ತಂಪು ಮಾಡಿ, ಆದರೆ ಮಂಜು ಮಾಡಬೇಡಿ

ಕುಡಿಯುವಾಗ 8ರಿಂದ 10 ಡಿಗ್ರಿ ಸೆಲ್ಸಿಯಸ್ ಇರಬೇಕು. ಮನೆಯ ಫ್ರಿಜ್ ಇದಕ್ಕಿಂತ ತಣ್ಣಗಿರುತ್ತದೆ. ಹಿಂದಿನ ರಾತ್ರಿಯೇ ಇಟ್ಟಿದ್ದರೆ ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಹೊರಗೆ ತೆಗೆದಿಡಿ. ಆಗಷ್ಟೇ ತಂದಿದ್ದರೆ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಅಷ್ಟೂ ಹೊತ್ತಿಲ್ಲವೇ? ಬಕೆಟಿಗೆ ಐಸ್ ಹಾಕಿ, ಅದರ ಜೊತೆ ನೀರನ್ನೂ ಸುರಿದು, ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ. 20 ನಿಮಿಷ ಸಾಕು. ಬರೀ ಐಸ್ ಹಾಕಿದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ತಂಪು ಬೇಗ ಹತ್ತುವುದಿಲ್ಲ.

ಫ್ರೀಜರ್‌ನಲ್ಲಿಟ್ಟು ಮರೆಯುವುದು ಇಲ್ಲಿನ ಸಾಮಾನ್ಯ ಅಪಘಾತ. ವೈನ್ ಹೆಪ್ಪುಗಟ್ಟಿ ಹಿಗ್ಗಿ ಮುಚ್ಚಳ ಕಿತ್ತುಬರುತ್ತದೆ, ಇಲ್ಲವೇ ಬಾಟಲಿಯೇ ಬಿರಿಯುತ್ತದೆ. ಇಡಲೇಬೇಕೆಂದರೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಗ್ಲಾಸಿಗೆ ಐಸ್ ಹಾಕಿದರೆ ಹುಳಿಯೂ ಪರಿಮಳವೂ ನೀರಾಗುತ್ತದೆ.

ತಳದಲ್ಲಿ ಕಲ್ಲುಸಕ್ಕರೆ ಚೂರಿನ ಹಾಗೆ ಹರಳು ಕಂಡರೆ ಗಾಜಿನ ಚೂರು ಅಂತ ಚೆಲ್ಲಬೇಡಿ. ದ್ರಾಕ್ಷಿಯ ಹುಳಿಯೇ ತಂಪಿಗೆ ಹರಳುಗಟ್ಟಿದ್ದು ಅದು, ಬೇಕಿಂಗ್‌ನಲ್ಲಿ ಬಳಸುವ ಕ್ರೀಮ್ ಆಫ್ ಟಾರ್ಟರ್. ನಿಧಾನವಾಗಿ ಬಗ್ಗಿಸಿದರೆ ತಳದಲ್ಲೇ ಉಳಿಯುತ್ತದೆ.

ಹಂತ 4: ಸುರಿಯಿರಿ

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ. ತುಂಬಿಸಿದರೆ ವಾಸನೆಗೆ ಜಾಗ ಇರುವುದಿಲ್ಲ, ಮುಗಿಯುವಷ್ಟರಲ್ಲಿ ಬಿಸಿಯೂ ಆಗುತ್ತದೆ. ಹಿಡಿಯುವಾಗ ಗ್ಲಾಸಿನ ಕೆಳಗಿನ ಸಣ್ಣ ಕಾಂಡ ಹಿಡಿದುಕೊಳ್ಳಿ.

ಹಂತ 5: ಸೌತೆಕಾಯಿ ಪರೀಕ್ಷೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಐದು ನಿಮಿಷದ ಕೆಲಸ, ಆಮೇಲೆ ಯಾವ ಪಟ್ಟಿಯೂ ಬೇಕಾಗುವುದಿಲ್ಲ.

ಮೊದಲು ಒಂದು ಗುಟುಕು ಬರೀ ವೈನ್. ಹುಳಿ ದವಡೆಯ ಹಿಂದೆ ಜುಮ್ ಅನ್ನುತ್ತದೆ, ಬಾಯಲ್ಲಿ ನೀರೂರುತ್ತದೆ. ಈಗ ಒಂದು ಸೌತೆಕಾಯಿ ಚೂರಿಗೆ ಧಾರಾಳ ಉಪ್ಪು ಸವರಿ ಅಗಿದು ನುಂಗಿ, ಮತ್ತೊಂದು ಗುಟುಕು ಕುಡಿಯಿರಿ. ಹುಳಿ ಮೆತ್ತಗಾಗಿರುತ್ತದೆ, ಹಣ್ಣಿನ ರುಚಿ ಮುಂದೆ ಬಂದಿರುತ್ತದೆ. ನೀರು ಕುಡಿದು ಸ್ವಲ್ಪ ಬಿಟ್ಟು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಅದೇ ವೈನ್ ಕುಡಿಯಿರಿ. ಮುಖ ಕಿವುಚಿಕೊಳ್ಳುತ್ತದೆ. ಹಣ್ಣೆಲ್ಲ ಮಾಯ, ಬರೀ ಹುಳಿ.

ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಗಾದೆ ಈ ವೈನ್ ಮಟ್ಟಿಗೆ ಅಕ್ಷರಶಃ ನಿಜ. ಉಪ್ಪು, ಜಿಡ್ಡು, ಹುಳಿ ಮೂರೂ ಇದರ ಸ್ನೇಹಿತರು. ಸಿಹಿ ಮತ್ತು ಉರಿಯುವ ಖಾರ ಶತ್ರುಗಳು. ಖಾರದ ಜೊತೆ ಆಲ್ಕೋಹಾಲ್ ಸೇರಿದರೆ ಉರಿ ಇಮ್ಮಡಿಯಾದಂತೆ ಅನಿಸುತ್ತದೆ. ಶೇ 14, 15 ಇರುವ ಕೆಂಪು ವೈನ್‌ಗಿಂತ ಶೇ 12ರ ರೀಸ್ಲಿಂಗ್ ನಮ್ಮ ಊಟಕ್ಕೆ ವಾಸಿ ಅನ್ನುವುದು ಇದಕ್ಕೇ. ಆದರೆ ಅದಕ್ಕೂ ಒಂದು ಮಿತಿ ಇದೆ.

ಹಂತ 6: ತಟ್ಟೆಗೆ ಜೋಡಿಸಿ

ಮೊದಲು ಅಲ್ಲಿನ ಊಟ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಈ ವೈನ್‌ನ ಹುಟ್ಟು ಜೋಡಿ ಅಂದರೆ ಕಿಂಗ್ ಜಾರ್ಜ್ ವೈಟಿಂಗ್ ಮೀನು. ಕರಾವಳಿಯವರು ಇದನ್ನು ನೋಡಿದ ಕೂಡಲೇ "ಅರೆ, ಕಾಣೆ ಮೀನಿನ ಹಾಗಿದೆಯಲ್ಲ" ಅನ್ನುತ್ತಾರೆ. ತಪ್ಪೇನಿಲ್ಲ. ನಮ್ಮ ಕಾಣೆಯೂ ಇದೂ ಒಂದೇ ಕುಟುಂಬದ ಮೀನುಗಳು. ಇದು ಗಾತ್ರದಲ್ಲಿ ದೊಡ್ಡದು, ಮೈಮೇಲೆ ಕಂದು ಚುಕ್ಕೆ. ಮಾಂಸ ಅಷ್ಟೇ ನಯ, ಅಷ್ಟೇ ಸೌಮ್ಯ. ಅಲ್ಲಿನವರು ಮುಳ್ಳು ಬಿಡಿಸಿದ ಹೋಳಿಗೆ ಹಿಟ್ಟು ಸವರಿ ಬೆಣ್ಣೆಯಲ್ಲಿ ಎರಡು ನಿಮಿಷ ಬೇಯಿಸಿ, ಉಪ್ಪು ಉದುರಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ವಾಟರ್‌ವೇಲ್ ರೀಸ್ಲಿಂಗ್ ಪಕ್ಕದಲ್ಲಿದ್ದರೆ ಆ ನಿಂಬೆಯೂ ಬೇಡ.

ನೀವು ಇದನ್ನೇ ಊರಿನ ಹಾಗೆ ರವೆ ಫ್ರೈ ಮಾಡಬಹುದು. ಮೂರು ಬದಲಾವಣೆ ಮಾಡಿ. ಮೆಣಸಿನ ಪುಡಿಗೆ ಬ್ಯಾಡಗಿಯನ್ನೇ ಬಳಸಿ, ಬಣ್ಣ ಬರುತ್ತದೆ, ಉರಿ ಕಡಿಮೆ. ಗುಂಟೂರು ಬೇಡ. ಹುಣಸೆ ಬದಲು ನಿಂಬೆರಸದಲ್ಲಿ ಮಸಾಲೆ ಕಲಸಿ. ಕಾವಲಿಗೆ ತೆಂಗಿನೆಣ್ಣೆ ಹಾಕಿ. ರವೆ ಗರಿಗರಿಯಾಗಿ, ಒಳಗೆ ಮೀನು ಮೆತ್ತಗೆ ಇರುವಾಗಲೇ ತಿನ್ನಿ. ಎಣ್ಣೆಯ ಜಿಡ್ಡನ್ನು ವೈನ್‌ನ ಹುಳಿ ತೊಳೆದುಬಿಡುತ್ತದೆ, ಮುಂದಿನ ತುತ್ತು ಮೊದಲನೆಯದರ ಹಾಗೇ ಇರುತ್ತದೆ. ವೈಟಿಂಗ್ ದುಬಾರಿ ಅನಿಸಿದರೆ ಸ್ಪ್ಯಾನಿಷ್ ಮ್ಯಾಕರೆಲ್ ಕೇಳಿ. ಅದು ನಮ್ಮ ಅಂಜಲ್. ಬಂಗುಡೆ ಮಾತ್ರ ಬೇಡ. ಅದರ ಎಣ್ಣೆಯ ಗಾಢ ವಾಸನೆ ಈ ನಯವಾದ ವೈನ್ ಅನ್ನು ಮುಗಿಸಿಬಿಡುತ್ತದೆ.

ಸಿಂಪಿ ತಿನ್ನುವವರಿಗೆ ಕಾಫಿನ್ ಬೇಯ ಆಯ್ಸ್ಟರ್. ಮೇಲೆ ಏನೂ ಹಾಕದೆ, ಚಿಪ್ಪಿನ ಉಪ್ಪುನೀರಿನ ಸಮೇತ. ಆಸ್ಟ್ರೇಲಿಯಾದ ಪಬ್‌ಗಳಲ್ಲೆಲ್ಲ ಸಿಗುವ ಉಪ್ಪು-ಮೆಣಸಿನ ಸ್ಕ್ವಿಡ್, ಅಂದರೆ ಬೊಂಡಾಸ್, ಇದಕ್ಕೆ ಹೇಳಿ ಮಾಡಿಸಿದ್ದು. ಉಪ್ಪು ಇದೆ, ಜಿಡ್ಡು ಇದೆ, ಮೆಣಸು ಹದವಾಗಿದೆ. ಸ್ಪೆನ್ಸರ್ ಗಲ್ಫ್‌ನ ಸಿಗಡಿಯನ್ನು ಸುಮ್ನೆ ಬೇಯಿಸಿ ತಣ್ಣಗೆ ತಿಂದರೂ ಸರಿ, ಬೆಳ್ಳುಳ್ಳಿ ಹಾಕಿ ಹುರಿದರೂ ಸರಿ.

ಅಲ್ಲಿನ ನಗರಗಳಲ್ಲಿ ವಿಯೆಟ್ನಾಮಿ, ಥಾಯ್ ಹೋಟೆಲುಗಳು ಬೀದಿಗೊಂದು. ಅಕ್ಕಿ ಹಾಳೆಯಲ್ಲಿ ಸೊಪ್ಪು, ತರಕಾರಿ, ಸಿಗಡಿ ಸುತ್ತಿದ ರೋಲ್‌ಗೂ, ನಿಂಬೆ ಮತ್ತು ಪುದೀನ ಬೀಳುವ ಸಲಾಡ್‌ಗಳಿಗೂ ಡ್ರೈ ರೀಸ್ಲಿಂಗ್ ಚೆನ್ನ. ಥಾಯ್ ಗ್ರೀನ್ ಕರಿಯಂಥ ತೆಂಗಿನ ಹಾಲು, ಸಕ್ಕರೆ, ಹಸಿಮೆಣಸು ಮೂರೂ ಸೇರಿದ್ದಕ್ಕೆ ಆಫ್-ಡ್ರೈ ತಗೊಳ್ಳಿ. ಇಂಥ ಹೋಟೆಲುಗಳಲ್ಲಿ ಕೆಲವಕ್ಕೆ "ಬಿವೈಒ" ಇರುತ್ತದೆ. ಅಂದರೆ ವೈನ್ ನೀವೇ ತರಬಹುದು, ತೆರೆದು ಬಡಿಸಲು ಕಾರ್ಕೇಜ್ ಅಂತ ಸ್ವಲ್ಪ ಹಣ ತೆಗೆದುಕೊಳ್ಳುತ್ತಾರೆ. ಟೇಬಲ್ ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ಬಾಟಲಿಗಿಷ್ಟು ಅಂತಲೋ ತಲೆಗಿಷ್ಟು ಅಂತಲೋ ಎಂಬುದನ್ನೂ ಕೇಳಿ. ಆರು ಜನ ಹೋಗಿ ಒಂದೇ ಬಾಟಲಿ ತೆರೆದಾಗ ಆ ವ್ಯತ್ಯಾಸ ಜೇಬಿಗೆ ತಟ್ಟುತ್ತದೆ.

ಈಗ ನಮ್ಮ ಅಡುಗೆ. ಸಸ್ಯಾಹಾರಿಗಳಿಗೆ ನಾನು ಮೊದಲು ಹೇಳುವುದು ಕೋಸಂಬರಿ. ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆರಸ, ಉಪ್ಪು, ಸಾಸಿವೆ-ಇಂಗಿನ ಒಗ್ಗರಣೆ. ವೈನ್‌ಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಚಿತ್ರಾನ್ನವೂ ಅಷ್ಟೇ, ಹಸಿಮೆಣಸು ಎರಡು ಕಡಿಮೆ ಹಾಕಿದರೆ. ಗೋಳಿಬಜೆ, ಈರುಳ್ಳಿ ಪಕೋಡ, ಉದ್ದಿನ ವಡೆ ಇವೆಲ್ಲ ಉಪ್ಪು ಮತ್ತು ಎಣ್ಣೆ ತಾನೇ? ಬಿಸಿಬಿಸಿಯಾಗಿ ತಿಂದು ತಣ್ಣಗೆ ಒಂದು ಗುಟುಕು ಕುಡಿದು ನೋಡಿ. ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ ನನ್ನ ಮೆಚ್ಚಿನ ಜೋಡಿ. ಸಬ್ಬಸಿಗೆಯ ಘಮಕ್ಕೂ ಹೊಸ ರೀಸ್ಲಿಂಗ್‌ನ ಹಸಿರು ವಾಸನೆಗೂ ಏನೋ ನಂಟಿದೆ. ನೀರುದೋಸೆ ಕಾಯಿಚಟ್ನಿಯೂ ಹೊಂದುತ್ತದೆ. ಆದರೆ ಬೆಲ್ಲ-ಕಾಯಿ ಜೊತೆ ನೀರುದೋಸೆ ಇಟ್ಟರೆ ಕೆಟ್ಟಿತು, ಬೆಲ್ಲದ ಪರೀಕ್ಷೆ ನೆನಪಿದೆಯಲ್ಲ.

ಕೋಳಿಯಲ್ಲಿ ಕೊತ್ತಂಬರಿ, ಪುದೀನ, ನಿಂಬೆ ಬೀಳುವ ಹಸಿರು ಮಸಾಲೆ ಹೊಂದುತ್ತದೆ. ಕುಂದಾಪುರದ ಕೋಳಿ ಸಾರು, ಚಿಕನ್ ಘೀ ರೋಸ್ಟ್‌ಗೆ ಡ್ರೈ ಸಾಲದು. ಅಲ್ಲಿ ಆಫ್-ಡ್ರೈ ಬೇಕು. ಅದರ ಚೂರು ಸಿಹಿ ಖಾರಕ್ಕೆ ತಣ್ಣೀರು ಎರಚಿದ ಹಾಗೆ ಕೆಲಸ ಮಾಡುತ್ತದೆ.

ಹಳೆಯ, ಹೊಂಬಣ್ಣದ ಬಾಟಲಿ ಕೈಗೆ ಸಿಕ್ಕಿದ್ದರೆ ಲೆಕ್ಕ ಬೇರೆ. ಅದಕ್ಕೆ ಓವನ್‌ನಲ್ಲಿ ಹುರಿದ ಕೋಳಿ, ಚರ್ಮ ಗರಿಗರಿಯಾದ ಹಂದಿ ಮಾಂಸ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಗಟ್ಟಿ ಚೀಸ್. ಹೊಸ ಬಾಟಲಿಗಾದರೆ ಮೇಕೆ ಹಾಲಿನ ಮೆತ್ತನೆ ಚೀಸ್ ಸಾಕು.

ಹಂತ 7: ಎಲ್ಲಿ ಕೈಬಿಡಬೇಕು ತಿಳಿಯಿರಿ

ಬಿಸಿಬೇಳೆಬಾತ್, ಗೊಜ್ಜು, ಪುಳಿಯೋಗರೆ: ಹುಣಸೆ, ಬೆಲ್ಲ, ಗರಂ ಮಸಾಲೆ ಎಲ್ಲ ಒಟ್ಟಿಗೆ. ವೈನ್ ಸೋಲುತ್ತದೆ. ಮೊಸರನ್ನಕ್ಕೆ ಕೆಲವರು ಚೆನ್ನಾಗಿರುತ್ತೆ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಹುಳಿಗೆ ಹುಳಿ ಸೇರಿ ಎರಡೂ ಸಪ್ಪೆಯಾಗುತ್ತವೆ. ಉಪ್ಪಿನಕಾಯಿಯನ್ನು ತಟ್ಟೆಯಿಂದ ದೂರ ಇಡಿ, ಅದಾದ ಮೇಲೆ ಅರ್ಧ ಗಂಟೆ ಯಾವ ವೈನೂ ನಾಲಿಗೆಗೆ ತಿಳಿಯುವುದಿಲ್ಲ. ಕೊಡಗಿನ ಪಂದಿ ಕರಿ, ಬಾರ್ಬೆಕ್ಯೂನಲ್ಲಿ ಸುಟ್ಟ ದನದ ಮಾಂಸ, ಕುರಿ ಮಾಂಸಕ್ಕೆ ಕೆಂಪು ವೈನ್ ಇದೆ. ಊಟದ ಕೊನೆಗೆ ಹೋಳಿಗೆ, ಮೈಸೂರ್ ಪಾಕ್ ಬಂದಾಗ ಗ್ಲಾಸ್ ಖಾಲಿಯಾಗಿರಲಿ.

ಇನ್ನೊಂದು ತಪ್ಪು ಆತಿಥ್ಯದಲ್ಲಿ ಆಗುತ್ತದೆ. ನಮ್ಮಲ್ಲಿ ಎಲ್ಲ ಪದಾರ್ಥವನ್ನೂ ಒಟ್ಟಿಗೆ ಬಡಿಸುತ್ತೇವೆ. ಒಂದು ವೈನ್ ಹತ್ತು ಪದಾರ್ಥಕ್ಕೆ ಹೊಂದುವುದು ಸಾಧ್ಯವಿಲ್ಲ. ಆದ್ದರಿಂದ ಊಟಕ್ಕೆ ಮೊದಲು ಕರಿದ ತಿಂಡಿ, ಕೋಸಂಬರಿ, ಮೀನು ಇಟ್ಟು ಆಗಲೇ ರೀಸ್ಲಿಂಗ್ ಕೊಡಿ. ಸಾರು, ಪಲ್ಯ, ಅನ್ನ ಆಮೇಲೆ ಬರಲಿ, ನೀರಿನ ಜೊತೆ.

ಹಂತ 8: ಲೆಕ್ಕ ಇಡಿ, ಉಳಿದದ್ದನ್ನು ಕಾಪಾಡಿ

ಬಾಟಲಿಯ ಹಿಂದೆ "ಸ್ಟ್ಯಾಂಡರ್ಡ್ ಡ್ರಿಂಕ್ಸ್" ಅಂತ ಒಂದು ಸಂಖ್ಯೆ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ಶೇ 12ರ 750 ಮಿಲಿ ಬಾಟಲಿಯಲ್ಲಿ ಸುಮಾರು 7 ಇರುತ್ತವೆ. ಹೋಟೆಲಿನಲ್ಲಿ ಕೊಡುವ 150 ಮಿಲಿ ಗ್ಲಾಸು ಒಂದಲ್ಲ, ಸುಮಾರು ಒಂದೂವರೆ. ಆರೋಗ್ಯವಂತ ದೊಡ್ಡವರೂ ವಾರಕ್ಕೆ 10, ದಿನಕ್ಕೆ 4 ದಾಟಬಾರದು ಅನ್ನುವುದು ಅಲ್ಲಿನ ಅಧಿಕೃತ ಸಲಹೆ. ಗರ್ಭಿಣಿಯರು ಮುಟ್ಟಲೇಬಾರದು. ಕಾರು ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಶೇ 0.05ಕ್ಕಿಂತ ಕಡಿಮೆ ಇರಬೇಕು. ಹೊಸದಾಗಿ ಬಂದು ಎಲ್ ಅಥವಾ ಪಿ ಪ್ಲೇಟ್‌ನಲ್ಲಿ, ಅಂದರೆ ಕಲಿಯುವವರ ಅಥವಾ ಹೊಸ ಚಾಲಕರ ಲೈಸೆನ್ಸಿನಲ್ಲಿ, ಓಡಿಸುತ್ತಿದ್ದರೆ ಸೊನ್ನೆ. ಪೊಲೀಸರು ಎಲ್ಲಿ ಬೇಕಾದರೂ ನಿಲ್ಲಿಸಿ ಊದಿಸುತ್ತಾರೆ.

ಉಳಿದ ವೈನ್‌ನ ಮುಚ್ಚಳ ಬಿಗಿಯಾಗಿ ತಿರುಗಿಸಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ. ಮೂರ್ನಾಲ್ಕು ದಿನ ಚೆನ್ನಾಗಿರುತ್ತದೆ. ತೆರೆಯದ ಬಾಟಲಿಗೆ ಬೆಳಕು ಮತ್ತು ಬಿಸಿ ಆಗದು. ಒಲೆಯ ಮೇಲಿನ ಕಪಾಟು ಅತಿ ಕೆಟ್ಟ ಜಾಗ. ಸ್ಕ್ರೂ ಕ್ಯಾಪ್ ಆದ್ದರಿಂದ ಮಲಗಿಸಿಡಲೇಬೇಕು ಅಂತಿಲ್ಲ. ಬೇಸಿಗೆಯಲ್ಲಿ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟು ಇಡೀ ದಿನ ಸುತ್ತಬೇಡಿ, ವೈನ್ ಬೆಂದುಹೋಗುತ್ತದೆ.

ಕ್ಲೇರ್‌ಗೇ ಹೋಗುವವರಿಗೆ ಒಂದು ಮಾತು. ಹಳೆಯ ರೈಲು ಹಳಿಯ ಜಾಗದಲ್ಲಿ ಆಬರ್ನ್‌ನಿಂದ ಕ್ಲೇರ್ ಕಡೆಗೆ "ರೀಸ್ಲಿಂಗ್ ಟ್ರೇಲ್" ಎಂಬ ನಡಿಗೆಯ, ಸೈಕಲ್ಲಿನ ದಾರಿ ಇದೆ. ವಾಟರ್‌ವೇಲ್, ಸೆವೆನ್‌ಹಿಲ್ ಎರಡೂ ದಾರಿಯಲ್ಲೇ ಸಿಗುತ್ತವೆ. ವೈನರಿಗಳಲ್ಲಿ ರುಚಿ ನೋಡುವಾಗ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ. ಬಳಸಲು ಸಂಕೋಚ ಬೇಡ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಊರಿಗೆ ಒಯ್ಯುವುದಾದರೆ: ಭಾರತಕ್ಕೆ ಬರುವ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ ಅಥವಾ ವೈನ್ ಎರಡು ಲೀಟರ್. 750 ಮಿಲಿಯ ಎರಡು ಬಾಟಲಿ ಲೆಕ್ಕದೊಳಗೆ, ಮೂರನೆಯದಕ್ಕೆ ಮಿತಿ ದಾಟುತ್ತದೆ. ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಚೆಕ್-ಇನ್ ಸೂಟ್‌ಕೇಸಿನ ನಡುವೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟವಲ್ ಸುತ್ತಿ ಇಡಿ. ಬೆಂಗಳೂರಿನಲ್ಲೇ ಕೊಳ್ಳುವವರಿಗೂ ದಾರಿ ಸ್ವಲ್ಪ ಸಲೀಸಾಗುತ್ತಿದೆ. ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ, ಮೊದಲು ಶೇ 150 ಇದ್ದ ಆಮದು ಸುಂಕ 5 ಡಾಲರ್‌ಗಿಂತ ಹೆಚ್ಚು ಆಮದು ಬೆಲೆಯ ಬಾಟಲಿಗೆ ಶೇ 100ಕ್ಕೂ, 15 ಡಾಲರ್ ಮೀರಿದ್ದಕ್ಕೆ ಶೇ 75ಕ್ಕೂ ಇಳಿಯಿತು. ಇಲ್ಲಿ ಡಾಲರ್ ಅಂದರೆ ಅಮೆರಿಕದ್ದು. ಹತ್ತು ವರ್ಷದಲ್ಲಿ ಕ್ರಮವಾಗಿ ಶೇ 50 ಮತ್ತು ಶೇ 25ಕ್ಕೆ ಇಳಿಸುವುದು ಒಪ್ಪಂದದಲ್ಲಿದೆ. ರಾಜ್ಯದ ಅಬಕಾರಿ ತೆರಿಗೆ ಬೇರೆ ಇರುವುದರಿಂದ ಅಡಿಲೇಡ್‌ನ ಬೆಲೆ ಇಲ್ಲಿ ನಿರೀಕ್ಷಿಸಬೇಡಿ. ಕೊಳ್ಳುವ ಮುನ್ನ ಇಸವಿ ನೋಡಿ, ಅಂಗಡಿಯ ಕಿಟಕಿಯ ಬಿಸಿಲಿಗೆ ನಿಂತಿದ್ದ ಬಾಟಲಿ ಬೇಡ, ಒಳಗಿನಿಂದ ಇನ್ನೊಂದು ಕೇಳಿ.